ಕುರುಡು ಚಿತ್ತೆ

ಹೊಸಂಗಡಿ ದಾಟಿದ ಮೇಲೆ ರಸ್ತೆಯೇ ಇಲ್ಲ,
ಇದ್ದರೂ ನನಗೆ ಕಾಣುತ್ತಿಲ್ಲ.
ವೈಪರು ಎಡಕ್ಕೆ ಹೋದಾಗ ಒಂದು ಗೇಣು,
ಬಲಕ್ಕೆ ಬಂದಾಗ ಅದೂ ಇಲ್ಲ.
ಕುರುಡು ಚಿತ್ತೆ, ಅನ್ನುತ್ತಾನೆ ಅಪ್ಪ,
ಎಲ್ಲಿ ಹೊಯ್ಯಬೇಕೆಂದು ಅದಕ್ಕೇ ಗೊತ್ತಿರುವುದಿಲ್ಲ.

ಹೇಳುವವನ ಬಲಗಣ್ಣಿಗೆ ಹತ್ತಿಯ ಪಟ್ಟಿ,
ಅದರ ಮೇಲೊಂದು ತೂತುತೂತಿನ ಮುಚ್ಚಳ,
ಚಹಾ ಸೋಸುವ ಜರಡಿಯ ಹಾಗೆ.
ಎಡಗಣ್ಣಿನ ಸರದಿ ಮುಂದಿನ ತಿಂಗಳು;
ಅಲ್ಲಿಯವರೆಗೆ ಅದರಲ್ಲಿ ಬೆಳಕು, ಕತ್ತಲೆ,
ಇಷ್ಟೇ. ನಡುವಿನದು ಯಾವುದೂ ಇಲ್ಲ.

ಕುಲುಕಬಾರದು ಎಂದಿದ್ದಾರೆ ಮಣಿಪಾಲದ ಡಾಕ್ಟರು.
ಬಗ್ಗಬಾರದು, ಕೆಮ್ಮಬಾರದು,
ಕಣ್ಣಿಗೆ ನೀರು ತಾಗಬಾರದು ಒಂದು ವಾರ.
ಯಾವ ನೀರು ಎಂದು ನಾನು ಕೇಳಲಿಲ್ಲ.
ಇನ್ನೊಂದು ರಾತ್ರಿ ಇದ್ದು ಹೋಗಿ ಎಂದರೂ ಒಪ್ಪಲಿಲ್ಲ ಇವನು,
ನಾಳೆ ಭೂಮಿ ಹುಣ್ಣಿಮೆ,
ಬಸುರಿ ಗದ್ದೆಗೆ ಚರಗ ಚೆಲ್ಲುವವರು ಯಾರು?

ಈ ಬಾಳೆಬರೆ ಘಾಟಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಬಸ್ಸು ಹತ್ತಿಸಿ ಇಳಿಸಿದವನು.
ಈಗ ಪಕ್ಕದ ಸೀಟಿನಲ್ಲಿ, ಬೆಲ್ಟಿನೊಳಗೆ,
ತೊಡೆಯ ಮೇಲೆ ಮಾತ್ರೆಯ ಚೀಲ ಇಟ್ಟುಕೊಂಡು
ಎಡಗಾಲಲ್ಲಿ ಇಲ್ಲದ ಕ್ಲಚ್ಚು ತುಳಿಯುತ್ತಾನೆ.
ನಾನು ಗೇರು ಬದಲಿಸುವ ಮೊದಲೇ
ಅವನ ಮೊಣಕಾಲು ಬದಲಿಸಿರುತ್ತದೆ.
ಲೈಸೆನ್ಸು ಸಿಕ್ಕಿ ನನಗೆ ನಾಲ್ಕು ತಿಂಗಳು.
ಓಮ್ನಿಗೆ ನನಗಿಂತ ಹೆಚ್ಚು ಅನುಭವ.

"ಸೆಕೆಂಡಿಗೆ ಹಾಕು. ಹಾರ್ನ್ ಹೊಡಿ. ಈಗ ಎಡಕ್ಕೆ."
ಹೇಗೆ ಗೊತ್ತಾಯ್ತು ಎಂದರೆ
ಝರಿಯ ಸದ್ದು ಕಿಟಕಿಯಿಂದ ಬೆನ್ನಿಗೆ ಹೋಯ್ತಲ್ಲ, ಅನ್ನುತ್ತಾನೆ.
ಮುಂದಿನದು ವಾಸನೆಯಿಂದ: ಸುಟ್ಟ ಬ್ರೇಕಿನದು,
ಇಳಿಯುವ ಲಾರಿಗಳೆಲ್ಲ ಅಲ್ಲೇ ಹೆದರುವುದಂತೆ.
ಅದರಾಚೆಯದಕ್ಕೆ ಹೆಸರೇ ಇದೆ, ದ್ಯಾವಮ್ಮನ ತಿರುವು;
ದಿನ ತುಂಬಿದ ದ್ಯಾವಮ್ಮ ಅಲ್ಲಿಯೇ, ಹಿಂದಿನ ಸೀಟಿನಲ್ಲಿ,
ಕಂಡಕ್ಟರ್ ಜಕ್ರಿಯಾನ ಖಾಕಿ ಅಂಗಿಯ ಮೇಲೆ ಹೆತ್ತದ್ದು.
ಮಗುವಿಗೆ ಟಿಕೆಟು ಹರಿಯಬೇಕೋ ಬೇಡವೋ ಎಂದು
ಘಾಟಿ ಮುಗಿಯುವವರೆಗೂ ಬಸ್ಸಿನ ತುಂಬ ನಗು.
ಆ ಮಗುವಿಗೀಗ ನನ್ನಷ್ಟೇ ವಯಸ್ಸಿರಬೇಕು.
ನಾನು ಹುಟ್ಟುವಾಗ ಎಲ್ಲಿದ್ದೆ ಎಂದು ಕೇಳುವುದಿಲ್ಲ,
ಗೊತ್ತು: ಇದೇ ರಸ್ತೆಯಲ್ಲಿ ಎಲ್ಲೋ, ಎರಡನೇ ಗೇರಿನಲ್ಲಿ.

ಚಂಡಿಕಾಂಬೆಯ ಗುಡಿಯ ಮುಂದೆ ನಿಲ್ಲಿಸಿ
ನೆನೆಯುತ್ತ ಓಡಿ ಕಾಸು ಹಾಕಿ ಬಂದೆ.
ಎಷ್ಟು ಹಾಕಿದೆ? ಹತ್ತು.
ಆಗೆಲ್ಲ ನಾಲ್ಕಾಣೆ, ಅಂದ,
ಅಮ್ಮನಿಗೂ ಡೀಸೆಲಿನ ಹಾಗೆ ರೇಟು ಏರಿದೆ.

ಆಮೇಲೆ ಮಂಜು ಗಾಜಿಗೇ ಬಂದು ಕೂತಿತು.
ಈಗ ನಮ್ಮಿಬ್ಬರಿಗೂ ಸೇರಿ ಒಂದೇ ಕಣ್ಣು,
ಅದೂ ಪೊರೆ ಬಂದದ್ದು.
"ಬಂತು ನೋಡು, ಬಲಕ್ಕೆ, ಪೂರ್ತಿ ಎಳಿ," ಅಂದ.

ಬರಲಿಲ್ಲ.
ದೀಪದ ತುದಿಗೆ ಹೊಸ ಕಾಂಕ್ರೀಟು, ನೇರ,
ಹಳದಿ ಕಪ್ಪು ಪಟ್ಟೆಯ ತಡೆಗೋಡೆ.
ಹೋದ ಬೇಸಿಗೆಯಲ್ಲಿ ಗುಡ್ಡ ಕಡಿದು
ಆ ತಿರುವನ್ನೇ ತೆಗೆದುಹಾಕಿದ್ದಾರೆ.
ಅವನ ಕಾಲು ಆಗಲೇ ತುಳಿದಾಗಿತ್ತು,
ಹೆಗಲು ವಾಲಲು ಸಿದ್ಧವಾಗಿ
ಕಾಯುತ್ತಿತ್ತು.

ವೇಗ ತಗ್ಗಿಸಿದೆ. ಸೆಕೆಂಡಿಗೆ ಹಾಕಿದೆ.
ಉದ್ದಕ್ಕೆ ಒಮ್ಮೆ ಹಾರ್ನ್ ಹೊಡೆದು
ನೇರ ರಸ್ತೆಯಲ್ಲಿ ಸ್ಟಿಯರಿಂಗನ್ನು ಕೊಂಚ ಬಲಕ್ಕೆಳೆದು
ಮತ್ತೆ ಮೆಲ್ಲಗೆ ಎಡಕ್ಕೆ ತಂದೆ.
ಎದುರಿಂದ ಯಾರೂ ಬರಲಿಲ್ಲ. ಬಂದಿದ್ದರೆ
ಕುಡಿದಿದ್ದಾಳೆ ಅಂದುಕೊಳ್ಳುತ್ತಿದ್ದರು.

ಮಾಸ್ತಿಕಟ್ಟೆಯವರೆಗೂ ಅವನು ಮಾತಾಡಲಿಲ್ಲ.
ಅಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ;
ತಿಂಗಳ ಬೆಳಕಿಗೆ ರಸ್ತೆ ಬಿಳಿಚಿಕೊಂಡು ಮಲಗಿತ್ತು.
ಬಾಗಿಲು ಹಾಕುತ್ತಿದ್ದ ಅಂಗಡಿಯಲ್ಲಿ ಎರಡು ಚಹಾ.
ಲೋಟ ಕೈಗೆ ಕೊಟ್ಟೆ. ಊದಿದ.
"ಗುಡ್ಡ ಕಡಿದದ್ದು ಜಕ್ರಿಯಾ ಹೇಳಿದ್ದ ಫೋನಲ್ಲಿ," ಅಂದ,
"ನಾನು ನಂಬಿರಲಿಲ್ಲ."
ಇನ್ನೊಂದು ಗುಟುಕು.
"ಅಷ್ಟು ಸಣ್ಣ ತಿರುವಾಗಿರಲಿಲ್ಲ ಅದು.
ಇನ್ನೂ ಎಳೀಬೇಕಿತ್ತು ನೀನು."