ಕಂಡುಬಂದಿಲ್ಲ

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಿಂದ
ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಬಂತು ಸ್ಯಾಂಪಲ್.
ಮುಚ್ಚಳ ತೆಗೆದರೆ ಅನ್ನ. ಅನ್ನದ ಮೇಲೆ
ಹಸಿರೂ ಅಲ್ಲದ ಹಳದಿಯೂ ಅಲ್ಲದ,
ಹೆಸರುಕಾಳು ಒರಳಲ್ಲಿ ಒಡೆದ ಬಣ್ಣದ ಬೂಸ್ಟು.
ತಂದಾತ ಮುನೀರ್ ಪಾಷ, ಸೋಯಾ ಸಾಸ್ ಮಾಡುವವನು.
ತುಮಕೂರಿನ ಅರ್ಧ ಗೋಬಿ ಗಾಡಿಗಳ ಕಪ್ಪು ಇವನದೇ.
"ಹನ್ನೊಂದು ವರ್ಷದಿಂದ ಸಾಕ್ತಿದೀನಿ ಮೇಡಂ,
ಹೆಪ್ಪು ಎತ್ತಿಟ್ಟ ಹಾಗೆ, ಬ್ಯಾಚಿಂದ ಬ್ಯಾಚಿಗೆ.
ಈಚೆಗೆ ಯಾಕೋ ವಾಸನೆ ಬೇರೆ.
ಇದು ನಮ್ಮದಾ, ಹೊರಗಿನದಾ, ಅಷ್ಟು ಹೇಳಿ."

ನಮ್ಮದಾ, ಹೊರಗಿನದಾ.
ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ
ಗೇಟಿನಾಚೆಯಿಂದ ನನ್ನನ್ನೂ ಕೇಳಿದ್ದಾರೆ,
ಇನ್ನೂ ಸ್ವಲ್ಪ ನಯವಾಗಿ: ನೀವು ಯಾವ ಪೈಕಿ?
ಹೆಸರು ಹೇಳಿದೆ, ಸಾಲಲಿಲ್ಲ. ಊರು ಹೇಳಿದೆ.
ಕೇರಿ ಹೇಳುವಷ್ಟರಲ್ಲಿ
ಮನೆ ಬೇರೆಯವರಿಗೆ ಆಗಿಬಿಟ್ಟಿತ್ತು.

ನಮ್ಮ ಫ್ರಿಜ್ಜಿನಲ್ಲಿ ಇದರ ಅಣ್ಣನಿದ್ದಾನೆ.
ಪಾವಗಡದ ಚಿತ್ತಯ್ಯನವರ ಕಡ್ಲೆಕಾಯಿ ಚೀಲದ ತಳದಲ್ಲಿ,
ತೇವದಲ್ಲಿ ಸಿಕ್ಕವನು. ಕಾಳಿನ ಮೇಲೆ ಕೂತು
ನಿಧಾನವಾಗಿ ಪಿತ್ತಕೋಶಕ್ಕೆ ವಿಷ ಅರೆಯುವವನು.
ಮಸೂರದ ಕೆಳಗೆ ಇಬ್ಬರೂ ಒಂದೇ:
ಈರುಳ್ಳಿ ಹೂವಿನಂಥ ದುಂಡು ತಲೆ,
ಉಸಿರು ತಾಕಿದರೆ ಉದುರುವ ಧೂಳು.

ಕುಟ್ಟಾಣಿಯಲ್ಲಿ ಅರೆದೆ. ಗೋಡೆ ಗಟ್ಟಿ ಇವಕ್ಕೆ.
ತಣ್ಣನೆ ಸ್ಪಿರಿಟ್ಟು ಸುರಿದಾಗ ಎದ್ದು ಬಂತು
ಬೆಂಡೆಕಾಯಿ ಲೋಳೆಯಂಥ ಬಿಳಿ ಎಳೆ.
ನಾಲ್ಕೇ ಅಕ್ಷರದ ಬರಹ. ಒತ್ತಿಲ್ಲ, ಗುಣಿತವಿಲ್ಲ.
ಐನೂರ ಚಿಲ್ಲರೆ ಅಕ್ಷರ ಓದಿಸಿ ತರಿಸಿದೆವು.
ಅಣ್ಣನದಕ್ಕೂ ತಮ್ಮನದಕ್ಕೂ
ಒಂದಕ್ಷರ ವ್ಯತ್ಯಾಸವಿಲ್ಲ.

ಹಾಗಾದರೆ ವಂಶ ಕೇಳುವುದು ಬೇಡ,
ಕೈಯಲ್ಲಿ ಏನಿದೆ ಕೇಳೋಣ ಅಂದರು ದಾಕ್ಷಾಯಿಣಿ ಮೇಡಂ.
ವಿಷ ಮಾಡುವ ಜೀನು ಇದ್ದರೆ
ಅದೇ ಪ್ರತಿಯಾಗಿ, ಪ್ರತಿಯ ಪ್ರತಿಯಾಗಿ,
ಜೆಲ್ಲಿನಲ್ಲಿ ಗೆರೆಯಾಗಿ ಹೊಳೆಯಬೇಕು.

ಇಪ್ಪತ್ತೆರಡನೇ ಸುತ್ತಿಗೆ ಕರೆಂಟು ಹೋಯಿತು.
ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು.
ಬಂದ ಮೇಲೆ, ಇರಲಿ ಅಂತ, ಹಾಗೇ ಓಡಿಸಿದೆ.
ಕತ್ತಲೆ ಪೆಟ್ಟಿಗೆಯಲ್ಲಿ ಕಣ್ಣಿಟ್ಟು ನೋಡಿದರೆ
ಪಾಷನ ಓಣಿ ಖಾಲಿ. ಎಷ್ಟು ಖುಷಿಯಾಯಿತು ಅಂದರೆ
ವಿಷವಿಲ್ಲ ಅಂತ ಪೆನ್ನು ತೆಗೆದಾಗಿತ್ತು.
"ನಿಲ್ಲೇ," ಮೇಡಂ ಬೆರಳು ಪಕ್ಕದ ಓಣಿಗೆ ಸರಿಯಿತು,
"ಮಾತಾಡಬೇಕಾದ್ದೂ ಸುಮ್ಮನಿದೆಯಲ್ಲ?"
ಚಿತ್ತಯ್ಯನ ಚೀಲದವನೂ ಬಾಯಿ ಬಿಟ್ಟಿರಲಿಲ್ಲ.

ಎಲ್ಲರೂ ಸುಮ್ಮನಿರುವ ಕಡೆ
ಒಬ್ಬರ ಮೌನಕ್ಕೆ ಏನು ಬೆಲೆ.

ಮಾರನೆ ದಿನ ಮತ್ತೆ ಮೊದಲಿಂದ.
ಪಾವಗಡದ ಗೆರೆ ಕಿತ್ತಳೆಯಾಗಿ ಎದ್ದಿತು.
ಪಾಷನದು, ಬೇರೊಂದು ಜೀನಿನ ಹೆಸರಲ್ಲಿ ಕರೆದರೆ
ಓ ಅಂತ ಓಗೊಟ್ಟಿತು;
ವಿಷದ ಹೆಸರು ಹಿಡಿದು ಕೂಗಿದರೆ ಮಾತ್ರ
ಕತ್ತಲು, ಕತ್ತಲು, ಬರೀ ಕತ್ತಲು.

ಮನೆಯೊಳಗೆ ಸಾಕಿಸಿಕೊಂಡದ್ದು ವಿಷ ಮರೆತಿದೆ ಎನ್ನುತ್ತಾರೆ.
ಇರಬಹುದು. ಯಾವುದೋ ದೂರ ದೇಶದಲ್ಲಿ,
ಎಷ್ಟೋ ತಲೆಮಾರು, ಬೆಚ್ಚಗೆ, ಬೇಯಿಸಿದ ಅನ್ನದ ಮೇಲೆ.
ಅದನ್ನು ಯಾರೂ ಗೇಟಿನಾಚೆ ನಿಲ್ಲಿಸಲಿಲ್ಲ.

ವರದಿಯ ಕೊನೆಯ ಕಾಲಮ್ಮಿನಲ್ಲಿ ಬರೆದೆ: ಕಂಡುಬಂದಿಲ್ಲ.
ಪಾಷ ಎರಡು ಸಲ ಓದಿದ.
"ಇಲ್ಲ ಅಂತಲೇ ಬರೆಯೋಕಾಗಲ್ವಾ ಮೇಡಂ?"
"ಇಲ್ಲ," ಅಂದೆ.
ಅದೊಂದು ಇಲ್ಲ ಮಾತ್ರ ನನಗೆ ಖಾತ್ರಿ.
"ಮತ್ತೆ ವಾಸನೆ?"
ಗೊತ್ತಿಲ್ಲ. ಬುಟ್ಟಿ ಬಿಸಿಲಿಗಿಡಿ, ಬಟ್ಟೆ ಕುದಿಸಿ ಅಂದೆ,
ಅಮ್ಮ ದೋಸೆ ಹಿಟ್ಟಿಗೆ ಹೇಳುವಂತೆ.

ಡಬ್ಬಿಯನ್ನು ಎರಡು ಸಲ ಹಬೆಯಲ್ಲಿ ಬೇಯಿಸಿ,
ಒರೆಸಿ, ತಣ್ಣಗಾಗಲು ಬಿಟ್ಟಿದ್ದೆ.
ಕೊಡುವಾಗ ಕೈ ತಡೆಯಿತು.
ಯಾರ ಮನೆಯ ಡಬ್ಬಿಯನ್ನೂ ಬರಿದು ಕಳಿಸಬಾರದು.
ಸಕ್ಕರೆ ಇರಲಿಲ್ಲ ಲ್ಯಾಬಿನಲ್ಲಿ, ಇದ್ದದ್ದು ತಿನ್ನುವಂಥದ್ದಲ್ಲ.
ವರದಿಯನ್ನೇ ನಾಲ್ಕು ಮಡಿಕೆ ಮಾಡಿ
ಒಳಗಿಟ್ಟು, ಮುಚ್ಚಳ ಒತ್ತಿದೆ.