ಎರಡು ಸೊನ್ನೆ

ರಾಯಚೂರಿನ ಬಿಸಿಲಿಗೆ ಕರಿಹಲಗೆಯೂ ಬೆವರುತ್ತಿತ್ತು
ಎಂದರೆ ನಂಬಬೇಡಿ. ಬೆವರುತ್ತಿದ್ದವರು ನಾವು.
ಹಲಗೆ ನಡುಮಧ್ಯೆ ಸೀಳು ಬಿಟ್ಟಿತ್ತು.
ಸೀಳಿನ ಎಡಕ್ಕೆ ಸೊಳ್ಳೆ, ಬಲಕ್ಕೆ ಮನುಷ್ಯ,
ನಡುವೆ ಎರಡು ಬಾಣ ಗೀಚಿ
ಹುಲಿಗೆಮ್ಮ ಮೇಡಂ ತಿರುಗಿ ನಿಂತರು:
"ಜ್ವರ ಅಂದ್ರ ಇಷ್ಟ ನೋಡ್ರಿ. ಹೋಗೂದು, ಬರೂದು.
ಉಳಿದದ್ದೆಲ್ಲ ಎಷ್ಟು ಲಗೂನ ಅನ್ನೂದು."

ನನಗೆ ನಗು ಬಂತು.
ನಮ್ಮೂರು ಕಾಲುವೆಯ ಕೊನೆಗಿದೆ.
ನೀರು ತಲುಪುವುದು ತಡ,
ಸೊಳ್ಳೆ ಮಾತ್ರ ಹೊತ್ತಿಗೆ ಸರಿಯಾಗಿ.
ನಾಟಿಯ ತಿಂಗಳಲ್ಲಿ ಮೂರು ಸಲ
ಅವ್ವ ಕಂಬಳಿಯೊಳಗೆ ನಡುಗಿದ್ದಳು.
ಅದನ್ನು ಬಾಣವಾಗಿ ನೋಡಿದ್ದು ಅದೇ ಮೊದಲು.

ಎರಡನೇ ವರ್ಷ ಆರೋಗ್ಯ ಕೇಂದ್ರದ ರಿಜಿಸ್ಟರುಗಳನ್ನು
ಜೆರಾಕ್ಸ್ ಮಾಡಿಸಿ ತಂದು ನಮ್ಮ ಮುಂದೆ ಸುರಿದರು.
ಹದಿನಾಲ್ಕು ಊರು, ಒಂಬತ್ತು ವರ್ಷ.
ಸೋನಾಬಾಯಿ ಓದುವುದು, ನಾನು ಬರೆಯುವುದು,
ಕೂಡಿಸುವುದು ಚಾಂದಬೀ;
ಅಪ್ಪನ ಜೊತೆ ಗಂಜಿನಲ್ಲಿ ಚೀಲ ಎಣಿಸಿದವಳು, ತಪ್ಪುತ್ತಿರಲಿಲ್ಲ.
ಕ್ಯಾಂಪಿಗೆ ನಲವತ್ತೊಂದು.
ಮೇಲಿನ ಓಣಿಗೆ ಇಪ್ಪತ್ತಾರು.
ನಮ್ಮ ಕೇರಿಗೆ ಸೊನ್ನೆ.
ಮರುವರ್ಷ ಸೊನ್ನೆ. ಅದರ ಮರುವರ್ಷವೂ.
ಸೋನಾಬಾಯಿಯ ತಾಂಡಾಕ್ಕೆ ಸೊನ್ನೆಯ ಗೋಜಿಗೂ ಹೋಗದೆ
ಒಂದು ಅಡ್ಡಗೆರೆ ಎಳೆದಿದ್ದರು.

"ಚಲೋ ಆತಲ್ಲ, ನಿಮ್ಮ ಕಡೆ ಜ್ವರಾನ ಇಲ್ಲ" ಎಂದ ಮೌನೇಶ.
ನಾನು ಪೆನ್ನು ಕೆಳಗಿಟ್ಟೆ.

ಮೇಡಂ ಕೇಳಿದ್ದು ಒಂದೇ:
"ಅಲ್ಲಿ ರಕ್ತ ತಗೊಂಡವ್ರು ಯಾರು?"
ಯಾರೂ ಇಲ್ಲ.
"ಹುಡುಕಿ ಸಿಗದದ್ದು ಒಂದು ಸೊನ್ನಿ.
ಹುಡುಕಲಾರದ್ದು ಇನ್ನೊಂದು.
ಎರಡೂ ದುಂಡಗ ಕಾಣ್ತಾವ. ಬ್ಯಾರೆ ಬ್ಯಾರೆ ಬರೀರಿ."
ಚಾಂದಬೀ ಎರಡನೆಯದರ ಒಳಗೊಂದು ಚುಕ್ಕೆ ಇಟ್ಟಳು.
ಅಂದಿನಿಂದ ಅದಕ್ಕೆ ಕಣ್ಣುಸೊನ್ನೆ ಎಂದು ಹೆಸರು.

ಗಾಜಿನ ಪಟ್ಟಿ ಹಿಡಿದು, ಆರೋಗ್ಯ ಸಹಾಯಕನ ಬೆನ್ನು ಹತ್ತಿ
ನಮ್ಮ ಕೇರಿಗೇ ಹೋದೆವು.
ಅವ್ವ ಬೆರಳು ಚಾಚಿ, "ಇದರಾಗೇನ್ ಲೆಕ್ಕ ಬರ್ತದಬೇ?" ಅಂದಳು.
ನೂರಾ ಹನ್ನೆರಡು ಬೆರಳು.
ಹತ್ತೊಂಬತ್ತು ಹೌದು.
ಮೇಡಂ ಹಿಂದೆ ಅಚ್ಚು ಹಾಕಿಸಿದ್ದ ಸಮೀಕರಣ ತಪ್ಪಾಯಿತು.
ಒಂದು ಇಡೀ ಮಧ್ಯಾಹ್ನ ಸುಮ್ಮನಿದ್ದು
ಆಮೇಲೆ ಡಸ್ಟರ್ ತಗೊಂಡರು.

ಅವರ ಬಗ್ಗೆ ಗೊತ್ತಾದದ್ದು ತುಂಡು ತುಂಡು.
ಪುಣೆಯಲ್ಲಿ ಓದಿದ್ದು.
ಸಮ್ಮೇಳನವೊಂದರಲ್ಲಿ ಯಾರೋ ಖಾಲಿ ಚಹಾ ಕಪ್ಪು ಕೈಗಿತ್ತು ಹೋದದ್ದು,
ಆ ಕಪ್ಪು ಹಿಡಿದುಕೊಂಡೇ ವೇದಿಕೆ ಹತ್ತಿ ಮಾತಾಡಿದ್ದು.
ಅಚ್ಚಿನಲ್ಲಿ ಅವರು ಎಚ್. ಮಾರೆಪ್ಪ;
ಹೊರದೇಶದಿಂದ ಡಿಯರ್ ಸರ್ ಎಂದು ಕಾಗದ ಬರುತ್ತಿದ್ದವು.
ಎಲ್ಲವನ್ನೂ ಬಿಸ್ಕೆಟ್ ಡಬ್ಬಿಯಲ್ಲಿಟ್ಟು
"ಈ ಸರ್‌ನ ಒಮ್ಮೆ ನೋಡಬೇಕು ನಾನು" ಎಂದು ನಗುತ್ತಿದ್ದರು.
ಸಿಟ್ಟು ಬಂದರೆ ಸೀಮೆಸುಣ್ಣ ಎಸೆಯುತ್ತಿದ್ದರು. ಗುರಿ ತಪ್ಪುತ್ತಿರಲಿಲ್ಲ.

ಸೋನಾಬಾಯಿ ಐದನೇ ಸೆಮಿಸ್ಟರಿಗೆ ಬರಲಿಲ್ಲ.
ಮೇಡಂ ಲಿಂಗಸುಗೂರು ಬಸ್ಸು ಹತ್ತಿ ಹೋದರು.
ಬಾಗಿಲಿಗೆ ಬೀಗ. ಕಟ್ಟೆಯ ಮೇಲೊಂದು ಮೇಕೆ.
ಪುಣೆ ಕಡೆ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾರ, ಅಂದರಂತೆ.
ಹಾಜರಿಯಲ್ಲಿ ಅವಳ ಸಾಲಿಗೆ ಗೈರು ಬರೆಯಲಿಲ್ಲ,
ಕಣ್ಣುಸೊನ್ನೆ ಬರೆದರು, ದಿನಾ, ಕೊನೆಯ ಕ್ಲಾಸಿನವರೆಗೆ.
"ಹೋಗಿ ಹುಡುಕಿದ್ರಲ್ಲ ಮೇಡಂ."
"ಒಂದ ಸಲ," ಅಂದರು.
"ಒಂದ ಸಲ ಹೋದ್ರ ಹುಡುಕಿದಂಗಲ್ಲ."

ನಿವೃತ್ತಿಯ ದಿನ ಊರೂರಿನಿಂದ ಶಿಷ್ಯರು ಹರಿದು ಬಂದರು
ಎಂದು ಬರೆದರೆ ಚಂದ.
ಬಂದವರು ಹನ್ನೊಂದು ಜನ. ಕರೆಂಟು ಇರಲಿಲ್ಲ.
ಬಿಸ್ಕೆಟ್ ಡಬ್ಬಿ ನನ್ನ ಕೈಗಿಟ್ಟು ಆಟೋ ಹತ್ತಿದರು.
ಕಾಗದಗಳ ತಳದಲ್ಲಿ, ನಾಲ್ಕಾಗಿ ಮಡಚಿದ
ಆ ವರ್ಷದ ಹಾಜರಿ ಹಾಳೆ.

ಮುಂದಿನ ವಾರ ಪುಣೆಯಲ್ಲಿ ನನ್ನ ಮಾತು.
ಕೊಟ್ಟದ್ದು ಇಪ್ಪತ್ತು ನಿಮಿಷ.
ನಾನು ಆರು ದಿನ ರಜೆ ಹಾಕಿದ್ದೇನೆ.