ಮೂರು ಪಾಯಿಂಟ್ ನಾಲ್ಕು

ಅರ್ಜಿ ಕೇಳುತ್ತದೆ: ಲೆಕ್ಕಶಾಸ್ತ್ರದಲ್ಲಿ ನಿಮಗೇಕೆ ಡಾಕ್ಟರೇಟು?
ಸಾವಿರ ಪದ ಮೀರದಂತೆ ತಿಳಿಸಿ.

ಮಂಡ್ಯದ ಗುತ್ತಲು ರಸ್ತೆ, ಮಹಡಿ ಕೋಣೆ, ರಾತ್ರಿ ಹನ್ನೊಂದೂವರೆ.
ಬರೆದು ಹೊಡೆದುಹಾಕಿದ ಮೊದಲ ಸಾಲು:
'ಚಿಕ್ಕಂದಿನಿಂದಲೂ ನನಗೆ ಅಂಕಿಗಳೆಂದರೆ ಪ್ರೀತಿ.'
ಸುಳ್ಳು. ಚಿಕ್ಕಂದಿನಲ್ಲಿ ಪ್ರೀತಿಯಿದ್ದದ್ದು
ಬೋಟಿ ಪ್ಯಾಕೆಟ್ಟಿನೊಳಗಿನ ಪ್ಲಾಸ್ಟಿಕ್ ಉಂಗುರದ ಮೇಲೆ.

ಒಂಬತ್ತು ವರ್ಷ ಹಾಲಿನ ಸಂಘಗಳ ಆಡಿಟ್ಟು.
ಸಹಿ ನಮ್ಮ ಸಾಹೇಬರದು, ಟಿಕ್ಕು ನನ್ನದು,
ಹಸಿರು ಪೆನ್ನಿನಲ್ಲಿ.
ಹೋದ ಊರಲ್ಲೆಲ್ಲ ಒಂದು ಲೋಟ ಬಿಸಿ ಹಾಲು,
'ಬೇಗ ಮುಗ್ಸ್ಬುಡಿ ಮೇಡಮ್ಮೋರೆ.'

ಕಾಳೇನಕೊಪ್ಪಲಿನಲ್ಲಿ ಒಂದು ಮಧ್ಯಾಹ್ನ
ಫ್ಯಾಟಿನ ಕಾಲಮ್ಮಿನಲ್ಲಿ ಇಳಿಯುತ್ತಿದ್ದ ಬೆರಳು ನಿಂತಿತು.
ಮೂರು ಪಾಯಿಂಟ್ ಐದು. ಮೂರು ಪಾಯಿಂಟ್ ಐದು. ಆರು.
ಐದು. ಐದು.
ಮೂರು ಪಾಯಿಂಟ್ ನಾಲ್ಕು ಎಲ್ಲಿ?
ನಾಲ್ಕಾದರೆ ದರ ಇಳಿಯುತ್ತದೆ, ಒಪ್ಪಿದೆ.
ಹಸುಗಳಿಗೂ ದರಪಟ್ಟಿ ಓದಲು ಬರುತ್ತದೆಯೆ?

ಹಿಂದಿನ ಪುಟ ತಿರುವಿದೆ. ಮೆಷಿನ್ನು ಚೀಟಿ ಕೊಟ್ಟ ದಿನ
ನಾಲ್ಕುಗಳಿದ್ದವು, ಧಾರಾಳವಾಗಿ. ಎರಡೂ ಇತ್ತು.
ಕರೆಂಟು ಹೋಗಿ ಸೆಕ್ರೆಟರಿ ಕೈಯಲ್ಲಿ ಬರೆದ ದಿನ
ಹೆಸರಿಗೊಂದು ನಾಲ್ಕಿಲ್ಲ.

ಕೇಳಿದೆ. ಬೋರಲಿಂಗಣ್ಣ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದ:
'ಮಿಸೀನ್ಗೆ ಮೊಕ ನೋಡಕ್ಕೆ ಬರಾಕಿಲ್ಲ ಕಣವ್ವ.
ಸಾಕವ್ವ ಕ್ಯಾನ್ ಹಿಡ್ಕಂಡು ಎದ್ರುಗೇ ನಿಂತವ್ಳೆ.
ಗಂಡ ಆಸ್ಪತ್ರೇಲವ್ನೆ. ನಾಕು ಅಂತ ಎಂಗ್ ಬರೀಲಿ?'

ನಾನೂ ಬರೆಯಲಿಲ್ಲ.
'ಯಾವುದೇ ಆಕ್ಷೇಪಣೆಗಳಿಲ್ಲ.' ಹಸಿರು ಟಿಕ್ಕು.
ಹಾಲು ಕುಡಿದು ಬಸ್ಸು ಹತ್ತಿದೆ.

ಮೈಸೂರಿಗೆ ಹೋಗಿ ಇಂದುಧರ ಮೇಷ್ಟ್ರಿಗೆ ಹೇಳಿದಾಗ
ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅವರ ವಾಕಿಂಗು ನಿಂತಿತು.
'ಇದು ದೂರಲ್ಲಮ್ಮ, ಪ್ರಶ್ನೆ.
ಕರೆಂಟು ಯಾವಾಗ ಹೋಗಬೇಕು ಅಂತ
ನಿನ್ನ ಬೋರಲಿಂಗಣ್ಣ ತೀರ್ಮಾನ ಮಾಡಲ್ಲ, ಅಲ್ಲವಾ?
ಅಲ್ಲೇ ಇದೆ ನಿನ್ನ ಲ್ಯಾಬು.
ಮೂರು ಸೀಟು, ಇನ್ನೂರು ಅರ್ಜಿ.
ನಾನು ಶ್ರಮಜೀವಿ ಅಂತ ಇನ್ನೂರು ಜನವೂ ಬರೀತಾರೆ.
ನಾಲ್ಕು ಎಲ್ಲಿ ಹೋಯ್ತು ಅಂತ ಬರಿ ನೀನು.'
ಗೇಟಿನ ಹತ್ತಿರ, ಸ್ವಲ್ಪ ಸಂಕೋಚದಿಂದ:
'ಶಿಫಾರಸು ಪತ್ರದ ಕರಡು ನೀನೇ ಮಾಡಿಕೊಂಡು ಬಂದುಬಿಡು.
ಕಣ್ಣು ಸರಿಯಿಲ್ಲ.'

ಎರಡು ವಾರದಿಂದ ಹೀಗೆ ಈ ಕೋಣೆಯಲ್ಲಿ ಇಬ್ಬರಿದ್ದೇವೆ.
ಒಬ್ಬಳು 'ನಾನು' ಎಂದು ಬೇಡುವವಳು,
ಒಬ್ಬಳು 'ಈಕೆ' ಎಂದು ಹೊಗಳುವವಳು.
ಈಕೆ ಸೂಕ್ಷ್ಮಮತಿ. ಉಳಿಸಿದೆ.
ಈಕೆ ಪ್ರಾಮಾಣಿಕಳು. ಅಳಿಸಿದೆ. ಮತ್ತೆ ಬರೆದೆ. ಅಳಿಸಿದೆ.

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಕ್ಯಾಲ್ಕುಲಸ್ಸು,
ಶ್ರೀರಂಗಪಟ್ಟಣದ ಸೇತುವೆ ಬರುವುದರೊಳಗೆ ಒಂದು ಲೆಕ್ಕ,
ಪಕ್ಕದ ಹೂವಿನ ಬುಟ್ಟಿಯವಳು ಇಣುಕಿ,
'ಏನವ್ವ, ಚೀಟಿ ಲೆಕ್ಕವಾ?'
ಹೂಂ, ಅಂದೆ. ಎಷ್ಟೋ ಹೊತ್ತಿನ ಮೇಲೆ ಅನಿಸಿತು,
ಅವಳು ಹೇಳಿದ್ದು ತಪ್ಪೇನಲ್ಲ.

ಪ್ರವೇಶ ಪರೀಕ್ಷೆಯ ಫಲಿತಾಂಶ ಮೊನ್ನೆ ಬಂತು.
ಅವರು ಹೇಳುವ ಗೆರೆಗಿಂತ ಒಂದೇ ಮೆಟ್ಟಿಲು ಕೆಳಗೆ.
ಮೆಷಿನ್ನು ತೆಗೆದ ಅಂಕ.
ಮೊಕ ನೋಡಿಲ್ಲ.
ಯಾವುದೋ ದೇಶದ ಯಾವುದೋ ಕಮಿಟಿಯ ಕಿಟಕಿಗೆ
ನಾನೂ ಕ್ಯಾನ್ ಹಿಡಿದು ನಿಂತಿದ್ದೇನೆ,
ಅಲ್ಲಿ ಯಾವತ್ತಾದರೂ ಕರೆಂಟು ಹೋಗುತ್ತದೆಯೋ ಇಲ್ಲವೋ.

ಪ್ರಬಂಧದಲ್ಲೀಗ ಕಾಳೇನಕೊಪ್ಪಲು 'ಒಂದು ಸಂಘ',
ಬೋರಲಿಂಗಣ್ಣ 'ದಾಖಲೆ ಬರೆಯುವವನು'.
ಸಾಕವ್ವನಿಗೆ ಇನ್ನೂ ಹೆಸರು ಸಿಕ್ಕಿಲ್ಲ.
'ಅಳೆಯಲಾಗದ ಅಂಶ' ಎಂದು ಹಾಕಿ ನೋಡಿದೆ.
ಅವಳು ಎದ್ದು ಹೋಗಿಬಿಟ್ಟಳು.

ಫ್ಯಾನು ನಿಂತಿತು. ಬೀದಿಯೂ ಆರಿತು.
ಲ್ಯಾಪ್‌ಟಾಪಿನಲ್ಲಿ ಚಾರ್ಜಿಲ್ಲ, ಯಾವತ್ತಿನಂತೆ.
ಮೊಬೈಲಿನ ಬೆಳಕು ಗೋಡೆಗೆ ಆನಿಸಿ
ಹಳೇ ರಸೀತಿಯ ಬೆನ್ನಿಗೆ ಬರೆಯುತ್ತೇನೆ:
'ಈ ದಾಖಲೆಗೆ ಟಿಕ್ಕು ಹಾಕಿದವಳು ನಾನೇ.'

ಹಸಿರು ಪೆನ್ನು.
ಬೇರೆ ಕೈಗೆ ಸಿಗಲಿಲ್ಲ.